ನಾಚಿಕೆ ಎಂಬ ನೆಪ

ಜನವರಿ ಬಂತೆಂದರೆ ಗರ್ಭಕಂಠದ ಕ್ಯಾನ್ಸರ್ ಜಾಗೃತಿ ಮಾಸ. ಜಿಲ್ಲಾ ಕೇಂದ್ರಗಳಲ್ಲಿ ಜಾಥಾ ಹೊರಡುತ್ತದೆ, ಕಾಲೇಜು ಹುಡುಗಿಯರ ಕೈಗೆ ಫಲಕ ಬರುತ್ತದೆ, ವೇದಿಕೆಯ ಮೇಲೆ ದೀಪ ಹಚ್ಚುತ್ತಾರೆ. ಭಾಷಣಗಳಲ್ಲಿ ಒಂದು ಮಾತು ತಪ್ಪುವುದೇ ಇಲ್ಲ: "ನಮ್ಮ ಹಳ್ಳಿಯ ಹೆಣ್ಣುಮಕ್ಕಳಲ್ಲಿ ಅರಿವಿಲ್ಲ. ನಾಚಿಕೆ, ಸಂಕೋಚ. ತಪಾಸಣೆಗೆ ಕರೆದರೂ ಬರುವುದಿಲ್ಲ. ಕಾಯಿಲೆ ಕೈಮೀರಿದ ಮೇಲೆ ಬರುತ್ತಾರೆ." ಹೀಗೆ ಹೇಳುವವರಲ್ಲಿ ಒಳ್ಳೆಯ ವೈದ್ಯರಿದ್ದಾರೆ, ಪ್ರಾಮಾಣಿಕ ಅಧಿಕಾರಿಗಳಿದ್ದಾರೆ, ಹೆಣ್ಣುಮಕ್ಕಳ ಪರವಾಗಿ ದುಡಿಯುವವರೂ ಇದ್ದಾರೆ. ಪತ್ರಿಕೆಗಳು ಅದನ್ನೇ ಅಚ್ಚು ಹಾಕುತ್ತವೆ. ಕೇಳಿ ಕೇಳಿ ನಾವೆಲ್ಲ ಅದನ್ನು ಒಪ್ಪಿಕೊಂಡುಬಿಟ್ಟಿದ್ದೇವೆ. ಆ ಮಾತು ತಪ್ಪು. ಬರೀ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ತಪಾಸಣೆ ಒದಗಿಸಬೇಕಾದವರ ಹೊಣೆಯನ್ನು ಅದು ತಪಾಸಣೆ ಸಿಗದವಳ ತಲೆಗೇ ಕಟ್ಟುತ್ತದೆ. ಆದ್ದರಿಂದ ಅದನ್ನು ಖಂಡಿಸಲೇಬೇಕು.

ಕಾಯಿಲೆಯ ಸ್ವಭಾವ ತಿಳಿದರೆ ಹೊಣೆ ಯಾರದೆಂಬುದು ತಾನಾಗಿ ಗೊತ್ತಾಗುತ್ತದೆ. ಗರ್ಭಕೋಶದ ಬಾಯಲ್ಲಿ ಹುಟ್ಟುವ ಈ ಕ್ಯಾನ್ಸರಿಗೆ ಎಚ್‌ಪಿವಿ ಎಂಬ ವೈರಸ್ ಕಾರಣ. ಅದನ್ನು ಕಂಡುಹಿಡಿದ ಜರ್ಮನಿಯ ಹ್ಯಾರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಹುಮಾನ ಬಂತು. ಸೋಂಕು ತಗುಲಿದ ಹೆಚ್ಚಿನವರಲ್ಲಿ ಅದು ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ. ಹೋಗದೆ ಉಳಿದ ಕೆಲವರಲ್ಲಿ ಗರ್ಭಕಂಠದ ಜೀವಕೋಶಗಳು ಮೆಲ್ಲಮೆಲ್ಲನೆ ಕೆಡುತ್ತವೆ. ಅವು ಕ್ಯಾನ್ಸರ್ ಆಗುವಷ್ಟು ಕೆಡಲು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಹಿಡಿಯುತ್ತದೆ. ಅಷ್ಟು ಕಾಲ ನೋವಿಲ್ಲ, ರಕ್ತಸ್ರಾವವಿಲ್ಲ, ಹೊರಗೆ ಯಾವ ಕುರುಹೂ ಇಲ್ಲ. ಯಾರಾದರೂ ನೋಡಿದರೆ ಮಾತ್ರ ಕಾಣುತ್ತದೆ. ಕಂಡರೆ ಆ ಕೆಟ್ಟ ಪದರವನ್ನು ಬಿಸಿಯಿಂದಲೋ ಶೀತದಿಂದಲೋ ನಾಶಮಾಡಿ ಅದೇ ದಿನ ಮನೆಗೆ ಕಳಿಸಬಹುದು. ಇಷ್ಟು ಕಾಲಾವಕಾಶ ಕೊಡುವ ಕ್ಯಾನ್ಸರ್ ಇನ್ನೊಂದಿಲ್ಲವೆನ್ನುವಷ್ಟು ಅಪರೂಪ. ಆದರೂ 2022ರ ಅಂದಾಜಿನಂತೆ ಆ ಒಂದೇ ವರ್ಷ ಭಾರತದಲ್ಲಿ 1,27,526 ಹೆಂಗಸರಿಗೆ ಈ ಕಾಯಿಲೆ ಬಂತು, 79,906 ಮಂದಿ ಅದರಿಂದ ಸತ್ತರು. ಇವರಲ್ಲಿ ಹೆಚ್ಚಿನವರ ಮೈಯಲ್ಲಿ ಕಾಯಿಲೆ ಹತ್ತಾರು ವರ್ಷ ಕೈಗೆ ಸಿಗುವಂತೆ ಕೂತಿತ್ತು. ನೋಡಬೇಕಾದವರು ನೋಡಲಿಲ್ಲ.

ನೋಡುವುದಕ್ಕೆ ಏನು ಬೇಕು? ಮರೆಯಿರುವ ಒಂದು ಕೋಣೆ, ಒಂದು ಮೇಜು, ಒಳ್ಳೆಯ ಬೆಳಕು, ಒಳಗೆ ಅಗಲಿಸಿ ನೋಡುವ ಸ್ಪೆಕ್ಯುಲಮ್ ಎಂಬ ಉಪಕರಣ, ಶೇ 3ರಿಂದ 5ರಷ್ಟು ಅಸಿಟಿಕ್ ಆಮ್ಲದ ದ್ರಾವಣ, ತರಬೇತಾದ ಒಬ್ಬ ನರ್ಸ್. ದ್ರಾವಣ ಹಚ್ಚಿ ಒಂದು ನಿಮಿಷ ಕಾದರೆ ಕೆಟ್ಟ ಭಾಗ ಬೆಳ್ಳಗಾಗಿ ಕಾಣುತ್ತದೆ. ಇದಕ್ಕೆ ವಿಐಎ ಎನ್ನುತ್ತಾರೆ. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೇ ಮಾರ್ಗಸೂಚಿ ಹೊರಡಿಸಿ, 30ರಿಂದ 65 ವರ್ಷದ ಪ್ರತಿ ಹೆಣ್ಣಿಗೂ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕೆಂದು ಹೇಳಿತು. ಬಾಯಿ, ಸ್ತನ, ಗರ್ಭಕಂಠ, ಮೂರೂ ಕ್ಯಾನ್ಸರುಗಳ ತಪಾಸಣೆ ಸರ್ಕಾರದ ಲಿಖಿತ ಮಾತು. ಆಮೇಲೆ 2019-21ರಲ್ಲಿ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. 30ರಿಂದ 49 ವರ್ಷದವರಲ್ಲಿ ಜೀವಮಾನದಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆಯಾದವರು ದೇಶದಲ್ಲಿ ನೂರಕ್ಕೆ ಇಬ್ಬರಿಲ್ಲ. ಕರ್ನಾಟಕದಲ್ಲಿ ನೂರಕ್ಕೆ ಒಬ್ಬಳೂ ಇಲ್ಲ.

ಈ ಅಂಕಿ ಕಂಡಾಗಲೇ ನಾಚಿಕೆಯ ವಾದ ಹೊರಗೆ ಬರುವುದು. ಅದೇ ಸಮೀಕ್ಷೆಯ ಇನ್ನೆರಡು ಅಂಕಿಗಳನ್ನು ಅದರ ಪಕ್ಕದಲ್ಲಿಡಿ. ಕರ್ನಾಟಕದಲ್ಲಿ ನೂರರಲ್ಲಿ 97 ಹೆರಿಗೆಗಳು ಆಸ್ಪತ್ರೆಯಲ್ಲಾಗುತ್ತವೆ. ಮದುವೆಯಾದ ನೂರು ಹೆಂಗಸರಲ್ಲಿ 57 ಮಂದಿ ಸಂತಾನಹರಣ ಚಿಕಿತ್ಸೆಗೆ, ಜನ ಬರೀ 'ಆಪರೇಷನ್' ಎಂದು ಕರೆಯುವ ಚಿಕಿತ್ಸೆಗೆ, ಮೈಕೊಟ್ಟವರು. ಗಂಡಸರ ಆಪರೇಷನ್ ಲೆಕ್ಕಕ್ಕೇ ಸಿಗದಷ್ಟು. ಅದೇ ಹೆಣ್ಣುಮಕ್ಕಳು, ಅದೇ ಮೈ, ಅದೇ ಆಸ್ಪತ್ರೆ, ಹೆಚ್ಚುಕಡಿಮೆ ಅದೇ ಮೇಜು. ಹೆರುವಾಗ ಅಪರಿಚಿತರ ಮುಂದೆ ಕಾಲು ಮಡಚಿ ಮಲಗಿದವಳು, ಆಪರೇಷನ್ನಿಗೆಂದು ಸಾಲಿನಲ್ಲಿ ಕೂತು ಕಾದವಳು ಒಂದು ನಿಮಿಷದ ಪರೀಕ್ಷೆಗೆ ಮಾತ್ರ ನಾಚಿ ಮನೆಯಲ್ಲೇ ಉಳಿದಳು ಎಂದರೆ ನಂಬಲು ಸಾಧ್ಯವೇ? ವ್ಯತ್ಯಾಸ ಇರುವುದು ಒಂದೇ ಕಡೆ. ಹೆರಿಗೆಗೂ ಆಪರೇಷನ್ನಿಗೂ ಸರ್ಕಾರ ಅವಳನ್ನು ಹುಡುಕಿಕೊಂಡು ಬಂತು. ತಾಯಿ ಕಾರ್ಡ್ ಮಾಡಿಸಿತು, ತಾರೀಖು ಬರೆದುಕೊಟ್ಟಿತು, ಆಶಾ ಕಾರ್ಯಕರ್ತೆಯನ್ನು ಮನೆಗೆ ಕಳಿಸಿತು, ಗಾಡಿ ಕಳಿಸಿತು, ಗುರಿ ಇಟ್ಟು ಲೆಕ್ಕ ಕೇಳಿತು. ಗರ್ಭಕಂಠದ ವಿಷಯದಲ್ಲಿ ಭಾಷಣ ಕಳಿಸಿತು.

ಮೂರು ದಶಕದ ಹಿಂದೆ ಕರ್ನಾಟಕದಲ್ಲಿ ಹೆಚ್ಚಿನ ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದವು. ಹಳ್ಳಿ ಹೆಂಗಸರು ಆಸ್ಪತ್ರೆಗೆ ಬರಲೊಲ್ಲರು, ಪರಪುರುಷರು ಮುಟ್ಟುವುದನ್ನು ಸಹಿಸರು ಎಂಬ ವಾದ ಆಗಲೂ ಇತ್ತು. ಹಾಸಿಗೆ, ನರ್ಸು, ಗಾಡಿ, ಮಡಿಲು ಕಿಟ್ಟು ಬಂದ ಮೇಲೆ ಆ ವಾದವೇ ಕಾಣೆಯಾಯಿತು. ಅರಿವು ಮೊದಲು ಬರಬೇಕು, ಸೌಲಭ್ಯ ಆಮೇಲೆ ಎನ್ನುವವರನ್ನು ನಾನು ಕೇಳುತ್ತೇನೆ: ಬಸುರಿಯಾದಾಗ ಚುಚ್ಚುತ್ತಿದ್ದ ಟಿಟಿ ಇಂಜೆಕ್ಷನ್ ಯಾವ ರೋಗಾಣುವಿನ ವಿರುದ್ಧ, ಅದು ಮಗುವನ್ನು ಹೇಗೆ ಕಾಯುತ್ತಿತ್ತು ಎಂದು ಎಷ್ಟು ತಾಯಂದಿರಿಗೆ ಗೊತ್ತಿತ್ತು? ಗೊತ್ತಿಲ್ಲದೆಯೂ ಎಲ್ಲರೂ ಚುಚ್ಚಿಸಿಕೊಂಡರು. ಸಿಸ್ಟರು ಕರೆದರು, ಔಷಧಿ ಇತ್ತು, ದಿನ ಗೊತ್ತಿತ್ತು. ಅರಿವು ಆಮೇಲೆ ಒಬ್ಬರಿಂದೊಬ್ಬರಿಗೆ ಹರಡಿತು. ಪರೀಕ್ಷೆಯೇ ಸಿಗದ ಊರಿನಲ್ಲಿ ಪರೀಕ್ಷೆಯ ಬಗ್ಗೆ ಅರಿವು ಎಲ್ಲಿಂದ ಹುಟ್ಟಬೇಕು?

ನಾಚಿಕೆಯ ವಾದಕ್ಕೆ ನಮ್ಮ ರಾಮನಗರ ಸೀಮೆಯ ಹೆಣ್ಣುಮಕ್ಕಳ ಪರಿಚಯವೂ ಇದ್ದಂತಿಲ್ಲ. ಚನ್ನಪಟ್ಟಣ ದಾಟಿ ಮೈಸೂರಿನ ಹಳೇ ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ ದೊಡ್ಡಮಳೂರು. ಅಪ್ರಮೇಯಸ್ವಾಮಿಯ ಗುಡಿಯೊಳಗೆ ಅಂಬೆಗಾಲು ಕೃಷ್ಣನಿದ್ದಾನೆ. ಮಕ್ಕಳಾಗದವರು ಎಲ್ಲೆಲ್ಲಿಂದಲೋ ಬಂದು ಅವನ ಮುಂದೆ ಹರಕೆ ಹೊರುತ್ತಾರೆ, ಮಗುವಾದ ಮೇಲೆ ತೊಟ್ಟಿಲು ತಂದು ಒಪ್ಪಿಸುತ್ತಾರೆ. ಅಲ್ಲಿ ಗರ್ಭದ ಮಾತು ಗುಟ್ಟಿನದಲ್ಲ. ಮದುವೆಯಾಗಿ ಎಷ್ಟು ವರ್ಷವಾಯಿತು, ಎಷ್ಟು ಸಲ ನಿಂತು ಹೋಯಿತು, ಯಾವ ಡಾಕ್ಟರಮ್ಮ ಏನು ಹೇಳಿದರು ಎಂಬುದನ್ನು ಪ್ರಾಕಾರದಲ್ಲಿ ಪಕ್ಕ ಕೂತ ಅಪರಿಚಿತ ಹೆಂಗಸಿನ ಹತ್ತಿರ ಹೇಳಿಕೊಂಡು ಹಗುರಾಗುವುದು ಇಲ್ಲಿನ ರೂಢಿ. ಹೆರುವ ಗರ್ಭದ ಬಗ್ಗೆ ಇಷ್ಟು ಬಿಡಿಸಿ ಮಾತಾಡಬಲ್ಲವರಿಗೆ ಅದೇ ಗರ್ಭದ ಕಾಯಿಲೆಯ ಬಗ್ಗೆ ಬಾಯಿಲ್ಲವೆನ್ನಬೇಡಿ. ಮನೆಯವರಿಗೂ ಸರ್ಕಾರಕ್ಕೂ ಸಮಾಜಕ್ಕೂ ಆಸಕ್ತಿ ಇರುವುದು ಗರ್ಭ ಹೆರುವ ತನಕ. ಹೆತ್ತು, ಆಪರೇಷನ್ನೂ ಆಗಿ, ಮೂವತ್ತೈದು ದಾಟಿದವಳ ಗರ್ಭಕೋಶವನ್ನು ಕೇಳುವವರೇ ಇಲ್ಲ. ಕ್ಯಾನ್ಸರ್ ಹೊಂಚುವುದು ಆ ವಯಸ್ಸಿನಲ್ಲೇ.

ಹಾಗಾದರೆ ತಡೆ ಯಾವುದು? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಹೆಂಗಸರ ಒಂದು ದಿನವನ್ನು ನೋಡಿ. ರೇಷ್ಮೆ ಹುಳು ಸಾಕುವ ಮನೆಯಲ್ಲಿ ನಾಲ್ಕನೇ ಜ್ವರ ಎದ್ದ ಹುಳುವಿಗೆ ಹಗಲೂ ರಾತ್ರಿ ಸೊಪ್ಪು ಹಾಕಬೇಕು. ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವ ಎರಡು ಮೂರು ದಿನ ಮನೆಯ ಹೆಣ್ಣಾಳು ಅತ್ತಿತ್ತ ಕದಲುವಂತಿಲ್ಲ. ಬೆಳಗ್ಗೆ, ಸಂಜೆ ಡೇರಿಗೆ ಹಾಲು ಹಾಕಬೇಕು. ರೀಲಿಂಗ್ ಘಟಕದಲ್ಲಿ ಕುದಿವ ನೀರಿನ ಮುಂದೆ ನಿಂತವಳಿಗೆ ದಿನಗೂಲಿ. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಚ್ಚುವವಳಿಗೆ ಮಾಡಿದಷ್ಟಕ್ಕೆ ಕಾಸು. ಗಾರ್ಮೆಂಟ್ಸಿಗೆ ಹೋಗುವವಳು ಕತ್ತಲಲ್ಲಿ ಬಸ್ಸು ಹತ್ತಿ ಕತ್ತಲಲ್ಲಿ ಇಳಿಯುತ್ತಾಳೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಸ್ ಚಾರ್ಜನ್ನು ಉಳಿಸಿಕೊಟ್ಟಿದೆ, ದೊಡ್ಡ ಉಪಕಾರ ಅದು. ಕಳೆದುಹೋದ ಕೂಲಿಯನ್ನು ಯಾರು ಉಳಿಸಿಕೊಡುತ್ತಾರೆ? ತಾಲ್ಲೂಕು ಆಸ್ಪತ್ರೆಯಲ್ಲಿ ಹೊರರೋಗಿ ವಿಭಾಗ ನಡೆಯುವ ಹೊತ್ತೇ ಇವರು ದುಡಿಯುವ ಹೊತ್ತು. ಪರೀಕ್ಷೆ ಇದೆಯೋ ಇಲ್ಲವೋ ತಿಳಿಯದೆ, ಇಂದು ಬಾ ನಾಳೆ ಬಾ ಎನ್ನಿಸಿಕೊಂಡು, ಮೈಯಲ್ಲಿ ಏನೂ ತೊಂದರೆ ಇಲ್ಲದವಳು ಕೂಲಿ ಬಿಟ್ಟು ಹೋಗಬೇಕೆಂದು ನಾವು ಬಯಸುತ್ತಿದ್ದೇವೆ. ಆಕೆ ಹೋಗದಿರುವುದು ಲೆಕ್ಕ ಬಲ್ಲವಳ ತೀರ್ಮಾನ. ಅದಕ್ಕೆ ಅಜ್ಞಾನವೆಂದು ಹೆಸರಿಡುವುದು ಅನ್ಯಾಯ.

ಇದೇ ಹಳ್ಳಿಗಳಲ್ಲಿ ಹಸು ಬೆದೆಗೆ ಬಂದರೆ ಇಂಜೆಕ್ಷನ್ ಹಾಕುವವರು ಕೊಟ್ಟಿಗೆಗೇ ಬರುತ್ತಾರೆ. ಎರಡು ಮೂರು ತಿಂಗಳಾದ ಮೇಲೆ ಗಬ್ಬ ನಿಂತಿದೆಯೋ ಇಲ್ಲವೋ ಎಂದು ಕೈ ಹಾಕಿ ನೋಡಿ ಹೇಳುತ್ತಾರೆ. ಹಸುವಿನ ಗರ್ಭಕೋಶದಿಂದ ಹಾಲು ಬರಬೇಕು, ಹಾಲಿನಿಂದ ಒಕ್ಕೂಟ ನಡೆಯಬೇಕು. ಆದ್ದರಿಂದ ಅದಕ್ಕೊಂದು ವ್ಯವಸ್ಥೆ, ಅದಕ್ಕೊಂದು ದಾಖಲೆ, ಅದಕ್ಕೊಬ್ಬ ಹೊಣೆಗಾರ. ಆ ಹಸುವನ್ನು ಕರೆಯುವವಳ ಗರ್ಭಕೋಶಕ್ಕೆ ಈ ಮೂರರಲ್ಲಿ ಒಂದೂ ಇಲ್ಲ.

ಸಂಕೋಚವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಇದೆ. ಆದರೆ ಅದರಲ್ಲಿ ಬಹುಪಾಲನ್ನು ಆಸ್ಪತ್ರೆಯೇ ಕಲಿಸಿದ್ದು. ಪರದೆಯಿಲ್ಲದ ಕೋಣೆ, ಒಳಗೆ ಹೊರಗೆ ಓಡಾಡುವ ಗಂಡಸರು, ಏನು ಮಾಡುತ್ತೇವೆಂದು ಹೇಳದೆ ತೂರಿಸುವ ತಣ್ಣನೆಯ ಲೋಹ, ಹೆರಿಗೆ ಕೋಣೆಯಲ್ಲಿ ನೋವಿನಿಂದ ಕೂಗಿದವಳಿಗೆ ಬಿದ್ದ ಬೈಗುಳ. ಒಮ್ಮೆ ಅಲ್ಲಿ ಅವಮಾನ ಉಂಡವಳು ಎರಡನೇ ಸಲ ಆ ಮೇಜು ಹತ್ತಲು ಹಿಂಜರಿದರೆ, ಆ ಹಿಂಜರಿಕೆಯನ್ನು ನೀಗಿಸಬೇಕಾದವರು ಅವಮಾನ ಮಾಡಿದವರು. ಪರದೆ ಹಾಕಿ, ಹೆಣ್ಣು ಸಿಬ್ಬಂದಿಯನ್ನು ಇಡಿ, "ಅಮ್ಮಾ, ಈಗ ಇದನ್ನು ಒಳಗೆ ಇಡ್ತೀನಿ, ಉಸಿರು ಬಿಡಿ" ಎಂದು ಒಂದು ಮಾತು ಹೇಳಿ. ಸಂಕೋಚಕ್ಕೆ ಮದ್ದು ಅಷ್ಟೇ.

ಜಾಗೃತಿಯ ಹೆಸರಿನಲ್ಲಿ ನಡೆಯುವ ಕೆಲಸವೂ ಸಂಕೋಚವನ್ನು ಹೆಚ್ಚಿಸುತ್ತಿದೆ. ಕರಪತ್ರಗಳನ್ನು ಓದಿ ನೋಡಿ. ಕಾಯಿಲೆಗೆ ಕಾರಣಗಳ ಪಟ್ಟಿಯಲ್ಲಿ "ಹಲವರೊಂದಿಗೆ ಲೈಂಗಿಕ ಸಂಪರ್ಕ", "ಶುಚಿತ್ವದ ಕೊರತೆ" ಎಂದು ಮೇಲೆಯೇ ಬರೆದಿರುತ್ತಾರೆ. ಅದನ್ನು ಓದಿದ ಮೇಲೆ ಯಾವ ಸೊಸೆ ಅತ್ತೆಯ ಮುಂದೆ "ನಾನು ಪರೀಕ್ಷೆ ಮಾಡಿಸಿಕೊಂಡು ಬರ್ತೀನಿ" ಎಂದಾಳು? ಲೈಂಗಿಕ ಜೀವನ ನಡೆಸುವ ಹೆಚ್ಚುಕಡಿಮೆ ಎಲ್ಲರಿಗೂ ಬದುಕಿನಲ್ಲಿ ಯಾವಾಗಲಾದರೊಮ್ಮೆ ಎಚ್‌ಪಿವಿ ತಗುಲುತ್ತದೆ. ಗಂಡನೊಬ್ಬನನ್ನು ಬಿಟ್ಟು ಬೇರೆಯವರನ್ನು ಕಾಣದ ಹೆಂಗಸಿಗೂ ಗಂಡನಿಂದಲೇ ಬರುತ್ತದೆ. ಅದು ನಡತೆಯ ಗುರುತಲ್ಲ, ದಾಂಪತ್ಯದಷ್ಟೇ ಸಾಮಾನ್ಯವಾದ ಸೋಂಕು. ಈ ನೇರ ಮಾತನ್ನು ಹೇಳದೆ ಹೆಣ್ಣಿನ ಶೀಲದತ್ತ ಬೆರಳು ತೋರಿಸುವ ಕರಪತ್ರ ಹಂಚಿ, ಆಮೇಲೆ ಅವಳು ನಾಚುತ್ತಾಳೆಂದು ದೂರುವುದು ಸರಿಯಲ್ಲ.

ಇನ್ನು ಮನೆ ಮನೆ ಸಮೀಕ್ಷೆಯ ಸಮಾಧಾನ. ಆಶಾ ಕಾರ್ಯಕರ್ತೆಯರು ತುಂಬಿಸುವ ನಮೂನೆಯಲ್ಲಿ ಹೆಂಗಸರಿಗೆ ಕೇಳುವ ಪ್ರಶ್ನೆಗಳಿವೆ: ಮುಟ್ಟಿನ ನಡುವೆ ರಕ್ತ ಹೋಗುತ್ತದೆಯೇ, ಮುಟ್ಟು ನಿಂತ ಮೇಲೆ ಹೋಗುತ್ತದೆಯೇ, ಸಂಭೋಗದ ನಂತರ ಹೋಗುತ್ತದೆಯೇ, ಬಿಳಿಮುಟ್ಟು ವಾಸನೆ ಬರುತ್ತದೆಯೇ. ಜಗಲಿಯ ಮೇಲೆ, ಮನೆಮಂದಿಯೆಲ್ಲ ಇರುವಾಗ ಇದಕ್ಕೆ ಉತ್ತರ 'ಇಲ್ಲ' ಎಂದಲ್ಲದೆ ಇನ್ನೇನು ಬರುತ್ತದೆ? ಅದಕ್ಕಿಂತ ದೊಡ್ಡ ಪ್ರಮಾದ ಬೇರೆಯಿದೆ. ಇವೆಲ್ಲ ಕಾಯಿಲೆ ಬಂದ ಮೇಲಿನ ಲಕ್ಷಣಗಳು. ತಪಾಸಣೆ ಇರುವುದು ಯಾವ ಲಕ್ಷಣವೂ ಇಲ್ಲದವಳಿಗೆ. ಲಕ್ಷಣ ಕೇಳಿ ನಮೂನೆ ತುಂಬಿದ್ದನ್ನು ತಪಾಸಣೆಯ ಲೆಕ್ಕಕ್ಕೆ ಸೇರಿಸಿದರೆ, ಕಾಗದದಲ್ಲಿ ಜಿಲ್ಲೆ ಪೂರ್ತಿ ತಪಾಸಣೆಯಾಗಿರುತ್ತದೆ, ಒಂದು ಗರ್ಭಕಂಠವನ್ನೂ ಯಾರೂ ನೋಡಿರುವುದಿಲ್ಲ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ ಬಿಪಿ, ಶುಗರ್ ಪರೀಕ್ಷೆಯನ್ನು ಬಾಗಿಲಿಗೆ ತಂದದ್ದು ಒಳ್ಳೆಯದೇ. ತೋಳಿಗೆ ಪಟ್ಟಿ ಸುತ್ತಿ ನೋಡುವ ಕಾಯಿಲೆಗೆ ಬಾಗಿಲು ಸಾಕು. ಗರ್ಭಕಂಠ ನೋಡಲು ಕೋಣೆ ಬೇಕು, ಅಥವಾ ಹೆಣ್ಣು ತಾನೇ ಮಾದರಿ ತೆಗೆದುಕೊಡುವ ಕಡ್ಡಿಯಾದರೂ ಅವಳ ಕೈಗೆ ಬರಬೇಕು.

ಒಂದು ದಿನದ ಶಿಬಿರವೂ ಪರಿಹಾರವಲ್ಲ. ಶಿಬಿರದ ಬೆಳಗ್ಗೆ ಪ್ಯಾಪ್ ಸ್ಮಿಯರ್, ಅಂದರೆ ಗರ್ಭಕಂಠದ ಜೀವಕೋಶಗಳ ಮಾದರಿ, ತೆಗೆದು ಗಾಜಿನ ಪಟ್ಟಿಯನ್ನು ದೂರದ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ವರದಿ ವಾರಗಳ ಮೇಲೆ ಬರುತ್ತದೆ. ಬಂದಾಗ ಅದನ್ನು ಆಕೆಗೆ ತಲುಪಿಸುವವರು ಯಾರು, ಕೆಟ್ಟದ್ದು ಕಂಡರೆ ಮುಂದಿನ ಆಸ್ಪತ್ರೆಗೆ ಕರೆದೊಯ್ಯುವವರು ಯಾರು, ಐದು ವರ್ಷದ ಮೇಲೆ ಮತ್ತೆ ಕರೆಯುವವರು ಯಾರು? ಶಿಬಿರ ಕಟ್ಟಿದವರು ಅಷ್ಟು ಹೊತ್ತಿಗೆ ಶಾಮಿಯಾನ ಬಿಚ್ಚಿ ಹೋಗಿರುತ್ತಾರೆ. ಫೋಟೊ ಮಾತ್ರ ಉಳಿಯುತ್ತದೆ.

ಕರೆದರೆ ಬರುತ್ತಾರೆಯೇ ಎಂಬುದಕ್ಕೆ ನಮ್ಮ ನೆರೆಯಲ್ಲೇ ಉತ್ತರವಿದೆ. ಮಹಾರಾಷ್ಟ್ರದ ಅಂದಿನ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ ಟಾಟಾ ಸ್ಮಾರಕ ಕೇಂದ್ರವೂ ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯೂ ಸೇರಿ ನಡೆಸಿದ ಅಧ್ಯಯನದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. 30ರಿಂದ 59 ವರ್ಷದ 1,31,746 ಹೆಂಗಸರು ಅದರಲ್ಲಿದ್ದರು. ಮನೆಗೆ ಹೋಗಿ ತಿಳಿಸಿ, ಹತ್ತಿರದಲ್ಲೇ ಪರೀಕ್ಷೆ ಇಟ್ಟು ಕರೆದಾಗ ನೂರಕ್ಕೆ ಸುಮಾರು ಎಂಬತ್ತು ಮಂದಿ ಬಂದರು. ಬಡವರು, ಹೆಚ್ಚಿನವರಿಗೆ ಓದು ಬಾರದು, ಒಣಬೇಸಾಯದ ಸೀಮೆಯವರು. ಒಂದೇ ಒಂದು ಸುತ್ತು ಎಚ್‌ಪಿವಿ ಪರೀಕ್ಷೆಯಾದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಹೋಲಿಕೆಗೆಂದು ತಪಾಸಣೆಯಿಲ್ಲದೆ ಬಿಟ್ಟ ಹಳ್ಳಿಗಳ ಹೆಂಗಸರ ಸಾವುಗಳಿಂದಲೇ ಆ ಲೆಕ್ಕ ಹುಟ್ಟಿತು. ಹಾಗೆ ಬಿಟ್ಟದ್ದು ನ್ಯಾಯವೇ ಎಂದು ವೈದ್ಯಲೋಕದಲ್ಲೇ ತಕರಾರು ಎದ್ದಿತು, ಏಳಬೇಕಾದದ್ದೇ. ಅಷ್ಟು ಬೆಲೆ ತೆತ್ತು ಕಲಿತ ಪಾಠವನ್ನು ಕೈಬಿಟ್ಟು ಇಂದಿಗೂ 'ಅರಿವಿಲ್ಲ' ಎನ್ನುವುದು ಆ ಹೆಣ್ಣುಮಕ್ಕಳಿಗೆ ಮಾಡುವ ಎರಡನೇ ಅನ್ಯಾಯ. ಮುಂಬಯಿಯ ಕೊಳೆಗೇರಿಗಳಲ್ಲಿ ನಡೆದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ, ಹತ್ತನೇ ತರಗತಿ ಓದಿದ ಹೆಂಗಸರಿಗೆ ತರಬೇತಿ ಕೊಟ್ಟು ವಿಐಎ ಮಾಡಿಸಿದರು. ಸಾವು ನೂರಕ್ಕೆ 31ರಷ್ಟು ಇಳಿಯಿತು. ವೈದ್ಯರ ಕೊರತೆಯಿಂದ ಆಗುತ್ತಿಲ್ಲ ಎನ್ನುವವರಿಗೆ ಅಲ್ಲಿ ಉತ್ತರವಿದೆ.

ಕನಕಪುರ ತಾಲ್ಲೂಕಿನ ಗಡಿಯಾಚೆ ತಮಿಳುನಾಡು. ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಅಲ್ಲಿ ತಪಾಸಣೆಯಾದವರು ನೂರಕ್ಕೆ ಸುಮಾರು ಹತ್ತು. ಅದೂ ಸಾಲದು, ಆದರೆ ನಮ್ಮ ಹತ್ತಾರು ಪಟ್ಟು. ಗಡಿ ದಾಟಿದೊಡನೆ ಹೆಣ್ಣಿನ ನಾಚಿಕೆ ಕಡಿಮೆಯಾಗುತ್ತದೆಯೇ? ಅಲ್ಲಿನ ಸರ್ಕಾರ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸುಗಳಿಗೆ ವಿಐಎ ಕಲಿಸಿ, ಅದನ್ನು ದಿನನಿತ್ಯದ ಕೆಲಸಕ್ಕೆ ಸೇರಿಸಿತು. ಥಾಯ್ಲೆಂಡಿನ ರೋಯಿ ಎಟ್ ಪ್ರಾಂತ್ಯದ ಹಳ್ಳಿಗಳಲ್ಲಿ 2000ದ ಸುಮಾರಿಗೆ ನರ್ಸುಗಳೇ ಪರೀಕ್ಷೆ ಮಾಡಿ, ಕೆಟ್ಟ ಪದರ ಕಂಡರೆ ಅದೇ ಭೇಟಿಯಲ್ಲಿ ಶೀತ ಚಿಕಿತ್ಸೆ ಕೊಟ್ಟರು. ಮಲೇಷ್ಯಾದ 'ರೋಸ್' ಕಾರ್ಯಕ್ರಮದಲ್ಲಿ ಹೆಂಗಸು ತಾನೇ ಮರೆಯಲ್ಲಿ ಕಡ್ಡಿಯಿಂದ ಮಾದರಿ ತೆಗೆದುಕೊಡುತ್ತಾಳೆ, ಫಲಿತಾಂಶ ಅವಳ ಮೊಬೈಲಿಗೆ ಬರುತ್ತದೆ. ಮುಟ್ಟುವವರೇ ಇಲ್ಲದ ಪರೀಕ್ಷೆಯಲ್ಲಿ ನಾಚುವ ಪ್ರಶ್ನೆ ಎಲ್ಲಿಂದ ಬಂತು?

ಶ್ರೀಮಂತ ದೇಶದ ಹೆಂಗಸರು ತಿಳಿವಳಿಕೆಯಿಂದ ತಪಾಸಣೆಗೆ ಹೋಗುತ್ತಾರೆಂಬ ನಂಬಿಕೆಯೂ ನಿಜವಲ್ಲ. ಇಂಗ್ಲೆಂಡಿನಲ್ಲಿ 1960ರ ದಶಕದಿಂದಲೇ ಪ್ಯಾಪ್ ಪರೀಕ್ಷೆ ಇತ್ತು. ಎರಡು ದಶಕ ಕಳೆದರೂ ಸಾವು ನಿರೀಕ್ಷಿಸಿದಷ್ಟು ಇಳಿಯಲಿಲ್ಲ. 1988ರಲ್ಲಿ ಪ್ರತಿ ಹೆಂಗಸಿನ ಹೆಸರು ಪಟ್ಟಿಯಲ್ಲಿಟ್ಟು, ಕಾಗದ ಬರೆದು ಕರೆಯುವ, ಬಾರದಿದ್ದರೆ ಮತ್ತೆ ಕರೆಯುವ ವ್ಯವಸ್ಥೆ ಬಂತು. 1990ರಲ್ಲಿ ಗುರಿ ಮುಟ್ಟಿದ ಊರಿನ ವೈದ್ಯರಿಗೆ ಅದಕ್ಕೆ ಹಣ ಕೊಡತೊಡಗಿದರು. ನೂರಕ್ಕೆ 42ರಷ್ಟಿದ್ದ ತಪಾಸಣೆ 1994ರ ಹೊತ್ತಿಗೆ 85 ಮುಟ್ಟಿತು. ಆರು ವರ್ಷದಲ್ಲಿ ಆ ದೇಶದ ಹೆಂಗಸರ ಜ್ಞಾನ ಇಮ್ಮಡಿಯಾಗಲಿಲ್ಲ. ಪಟ್ಟಿ ಬಂತು, ಕರೆ ಬಂತು, ಲೆಕ್ಕ ಕೊಡಬೇಕಾದವರು ಯಾರೆಂಬುದು ಗೊತ್ತಾಯಿತು.

ಲಸಿಕೆ ಬಂದಿದೆಯಲ್ಲ, ಇನ್ನು ತಪಾಸಣೆ ಯಾಕೆ ಎಂದು ಕೇಳುವವರಿದ್ದಾರೆ. ಲಸಿಕೆ ಬೇಕು. ಹೆಣ್ಣುಮಕ್ಕಳಿಗೆ ಹದಿನಾಲ್ಕರ ಒಳಗೆ ಅದನ್ನು ಕೊಡಿಸುವುದರಲ್ಲಿ ಒಂದು ದಿನವೂ ತಡ ಮಾಡಬಾರದು. ಸಿಕ್ಕಿಂ 2018ರಲ್ಲೇ ಶಾಲೆಗಳ ಮೂಲಕ ಕೊಟ್ಟಿತು. 2022ರಲ್ಲಿ ಪುಣೆಯ ಸೀರಮ್ ಸಂಸ್ಥೆಯ ಸ್ವದೇಶಿ ಲಸಿಕೆಗೂ ಅನುಮತಿ ಸಿಕ್ಕಿತು. ಆದರೆ ಲಸಿಕೆ ಕಾಯುವುದು ಇಂದು ಶಾಲೆಗೆ ಹೋಗುವ ಮಗಳನ್ನು. ಸೋಂಕು ಆಗಲೇ ತಗುಲಿರುವ ಅವಳ ತಾಯಿಗೆ ಅದರಿಂದ ಉಪಯೋಗವಿಲ್ಲ. ತಾಯಂದಿರ ಒಂದು ಇಡೀ ತಲೆಮಾರನ್ನು ಕೈಬಿಟ್ಟು ಮಗಳು ಮೂವತ್ತು ದಾಟುವುದನ್ನು ಕಾಯೋಣವೇ? 2020ರ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2030ಕ್ಕೆಂದು ಇಟ್ಟ ಗುರಿಯಲ್ಲಿ ಮೂರೂ ಸೇರಿವೆ: ನೂರಕ್ಕೆ 90 ಹುಡುಗಿಯರಿಗೆ ಲಸಿಕೆ, 70 ಹೆಂಗಸರಿಗೆ 35 ಮತ್ತು 45ರ ವಯಸ್ಸಿಗೆ ಉತ್ತಮ ತಪಾಸಣೆ, ಕಾಯಿಲೆ ಕಂಡ 90 ಮಂದಿಗೆ ಚಿಕಿತ್ಸೆ. ಒಂದನ್ನು ತೋರಿಸಿ ಇನ್ನೊಂದನ್ನು ಬಿಡುವ ಹಾಗಿಲ್ಲ. ಈ ಕ್ಯಾನ್ಸರ್ ತಾನಾಗಿಯೇ ಇಳಿಯುತ್ತಿದೆ ಎಂಬ ವಾದವೂ ಉಂಟು. ಬೆಂಗಳೂರಿನ ನೋಂದಣಿಯಲ್ಲಿ ಇಳಿದದ್ದು ನಿಜ. ಮದುವೆ ತಡವಾಯಿತು, ಹೆರಿಗೆ ಕಡಿಮೆಯಾಯಿತು. ಆ ಇಳಿಕೆಯ ಲಾಭ ಓದಿದವರಿಗೂ ಉಳ್ಳವರಿಗೂ ಮೊದಲು ಸಿಗುತ್ತದೆ, ಬೇಗ ಮದುವೆಯಾಗಿ ಬೇಗ ಹೆತ್ತವಳಿಗೆ ಕಡೆಯಲ್ಲಿ.

ಪರೀಕ್ಷೆ ಇಲ್ಲದ ಜಾಗದಲ್ಲಿ ಭಯ ಬಂದು ಕೂರುತ್ತದೆ, ಭಯಕ್ಕೆ ವ್ಯಾಪಾರಿಗಳು ಸಿಗುತ್ತಾರೆ. ಬಿಳಿಮುಟ್ಟು, ಸೊಂಟನೋವು ಎಂದು ಹೋದವಳಿಗೆ "ಗರ್ಭಕೋಶ ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತೆ" ಎಂದು ಹೆದರಿಸಿ ಶಸ್ತ್ರಚಿಕಿತ್ಸೆ ಮಾಡುವುದು ಈ ನಾಡಿನಲ್ಲಿ ನಡೆದಿದೆ. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರು ತಮ್ಮ ಗರ್ಭಕೋಶಗಳನ್ನು ಕಾರಣವಿಲ್ಲದೆ ತೆಗೆದುಹಾಕಿದ್ದಾರೆಂದು ಬೀದಿಗಿಳಿದರು. ಎಳೆ ವಯಸ್ಸಿನವರೂ ಅವರಲ್ಲಿದ್ದರು. ಗಮನಿಸಿ: ಅವರು ಆಸ್ಪತ್ರೆಗೆ ಹೋಗಿದ್ದರು, ಕ್ಯಾನ್ಸರ್ ಎಂಬ ಹೆಸರೂ ಕೇಳಿದ್ದರು. ನಾಚಿಕೆಯೂ ಅವರನ್ನು ತಡೆಯಲಿಲ್ಲ, ಅರಿವಿನ ಕೊರತೆಯೂ ತಡೆಯಲಿಲ್ಲ. "ನಿನಗೆ ಏನೂ ಆಗಿಲ್ಲ, ಮನೆಗೆ ಹೋಗವ್ವ" ಎಂದು ಹೇಳಬಲ್ಲ ಪ್ರಾಮಾಣಿಕ ಪರೀಕ್ಷೆಯೊಂದು ಅವರ ಊರಿನ ಹತ್ತಿರ ಇರಲಿಲ್ಲ.

ಹಣವಿಲ್ಲ ಎಂಬ ಮಾತೂ ನಿಲ್ಲುವುದಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಕ್ಯಾನ್ಸರಿಗೂ ಸಿಗುತ್ತದೆ. ಕಾಯಿಲೆ ಬಲಿತ ಮೇಲೆ ಹೆಂಗಸು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕು. ವಾರಗಟ್ಟಲೆ ದಿನವೂ ರೇಡಿಯೇಷನ್, ಜೊತೆಗೆ ಕೀಮೋ, ಆಮೇಲೆ ಒಳಗಿಟ್ಟು ಕೊಡುವ ವಿಕಿರಣ. ಜೊತೆಗೊಬ್ಬರು ಬೇಕು, ಮನೆಯ ಹುಳು, ಹಸು, ಮಕ್ಕಳು ಪಕ್ಕದ ಮನೆಯವರ ಪಾಲು. ಇಷ್ಟಕ್ಕೆಲ್ಲ ದುಡ್ಡಿರುವ ಸರ್ಕಾರಕ್ಕೆ ಹತ್ತು ವರ್ಷ ಮುಂಚಿನ ಒಂದು ನಿಮಿಷಕ್ಕೆ ದುಡ್ಡಿಲ್ಲವೆಂದರೆ ಯಾರು ಒಪ್ಪುತ್ತಾರೆ?

ಮಾಡಬೇಕಾದದ್ದನ್ನು ಸ್ಪಷ್ಟವಾಗಿ ಹೇಳಬಹುದು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ಗೊತ್ತಾದ ದಿನ, ಮರೆಯಿರುವ ಕೋಣೆ, ತರಬೇತಾದ ಹೆಣ್ಣು ಸಿಬ್ಬಂದಿ. ಅದು ಹಾಲು ಹಾಕಿ ಬಂದ ಮೇಲಿನ ಹೊತ್ತಾಗಿರಲಿ, ಗಾರ್ಮೆಂಟ್ಸಿನವರಿಗಾಗಿ ತಿಂಗಳಿಗೆರಡು ಭಾನುವಾರವೂ ಇರಲಿ. ಊರಿನ 30 ದಾಟಿದ ಪ್ರತಿ ಹೆಂಗಸಿನ ಹೆಸರು ಒಂದು ಪುಸ್ತಕದಲ್ಲಿರಲಿ, ತಾಯಿ ಕಾರ್ಡಿನ ಹಾಗೆ ಅವಳ ಕೈಗೂ ಒಂದು ಕಾರ್ಡು ಬರಲಿ. ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ ಹೆಸರು ಹಿಡಿದು ಕರೆಯಲಿ. ವಿಐಎಗೆ ಮಿತಿಗಳಿವೆ. ನೋಡುವವರ ಕಣ್ಣಿನ ಮೇಲೆ ಅದು ನಿಂತಿದೆ, ಐವತ್ತು ದಾಟಿದವರಲ್ಲಿ ಅಷ್ಟು ನೆಚ್ಚುವಂತಿಲ್ಲ. ಆದ್ದರಿಂದ ಎಚ್‌ಪಿವಿ ಪರೀಕ್ಷೆಗೆ ಬೇಗ ಹೊರಳಬೇಕು. 2021ರಿಂದ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಆಯ್ಕೆಯೆಂದು ಹೇಳುತ್ತಿರುವುದು ಅದನ್ನೇ, ತಾನೇ ತೆಗೆದ ಮಾದರಿಯೂ ಆಗುತ್ತದೆಂದು ಒಪ್ಪಿದೆ. ಕ್ಷಯದ ಕಫ ಪರೀಕ್ಷೆಗೆ ಬಳಕೆಯಲ್ಲಿರುವ ಟ್ರೂನಾಟ್ ಯಂತ್ರದಲ್ಲೇ ನಡೆಯುವ ಸ್ವದೇಶಿ ಎಚ್‌ಪಿವಿ ಪರೀಕ್ಷೆಯೂ ಈಗ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಬಿಸಿ ಚಿಕಿತ್ಸೆಯ ಕೈಯುಪಕರಣವಿರಲಿ, ಕಂಡ ದಿನವೇ ಚಿಕಿತ್ಸೆಯಾಗಲಿ. ಎಚ್‌ಐವಿ ಇರುವ ಹೆಂಗಸರಿಗೆ ಈ ಕ್ಯಾನ್ಸರಿನ ಅಪಾಯ ಆರು ಪಟ್ಟು. ಅವರನ್ನು 25ರಿಂದಲೇ ಕರೆಯಬೇಕು. ಇದನ್ನೆಲ್ಲ ಆಶಾ ಕಾರ್ಯಕರ್ತೆಯ ಹೆಗಲಿಗೆ ಪುಕ್ಕಟೆ ಹೊರಿಸಬಾರದು. ಹೆರಿಗೆಗೆ ಕರೆತಂದರೆ ಅವಳಿಗೆ ಹಣವಿದೆ, ಗರ್ಭಕಂಠದ ಪರೀಕ್ಷೆಗೆ ಕರೆತಂದರೂ ಇರಬೇಕು.

ಇದಕ್ಕೆ ನಾವು, ಊರಿನವರು, ಮಾಡಬೇಕಾದ ಕೆಲಸವೂ ಒಂದಿದೆ. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ದೀಪದ ಕಂಬ ಕೇಳುವ ಹಾಗೆ ಇದನ್ನೂ ಎದ್ದು ನಿಂತು ಕೇಳಬೇಕು. ನಮ್ಮ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ 30 ದಾಟಿದ ಹೆಂಗಸರು ಎಷ್ಟು? ಕಳೆದ ವರ್ಷ ನಮೂನೆ ತುಂಬಿದ್ದಲ್ಲ, ನಿಜವಾಗಿ ಮೇಜಿನ ಮೇಲೆ ಮಲಗಿಸಿ ನೋಡಿದ್ದು ಎಷ್ಟು ಮಂದಿಯನ್ನು? ಅವರಲ್ಲಿ ತೊಂದರೆ ಕಂಡವರೆಷ್ಟು, ಅವರ ಚಿಕಿತ್ಸೆ ಎಲ್ಲಿ ಮುಗಿಯಿತು? ನಮ್ಮ ರಾಮನಗರ ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣವಾಯಿತು, ಪಕ್ಕದಲ್ಲೇ ಹತ್ತು ಪಥದ ಹೆದ್ದಾರಿ ಓಡುತ್ತಿದೆ. ಇಷ್ಟೆಲ್ಲ ಆಗುವ ಜಿಲ್ಲೆಯಲ್ಲಿ ಈ ಮೂರು ಪ್ರಶ್ನೆಗೆ ಪ್ರತಿ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಪ್ರತಿ ತಿಂಗಳು ಉತ್ತರ ಬರೆದಿಡುವುದು ಅಷ್ಟು ಕಷ್ಟದ ಕೆಲಸವೇನಲ್ಲ. ಆ ಲೆಕ್ಕ ಗೋಡೆಗೆ ಬರುವ ತನಕ, ಕೋಣೆಯ ಬಾಗಿಲು ತೆರೆದು ಹೆಸರು ಹಿಡಿದು ಕರೆಯುವ ತನಕ, ಹೆಣ್ಣುಮಕ್ಕಳು ಬರುವುದಿಲ್ಲ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ.